ಆಮೆ ಆಲ್ಬಮ್ಮಿನ ಕೊನೆಯ ನಾಲ್ಕು ನಿಮಿಷ

ಪ್ರತಿಯೊಬ್ಬ ಮನುಷ್ಯನಿಗೂ ಊರಿನಲ್ಲಿ ತನಗೊಬ್ಬನಿಗೇ ಗೊತ್ತಿರುವ ಒಂದು ವಿಷಯ ಇರಬೇಕು ಎಂದು ನಾನು ನಂಬಿದ್ದೇನೆ. ಅದು ಉಪಯೋಗಕ್ಕೆ ಬರಬೇಕೆಂದೇನಿಲ್ಲ. ಬಾರದಿದ್ದರೇ ಒಳ್ಳೆಯದು, ಯಾರೂ ಪರೀಕ್ಷೆ ಮಾಡಲು ಬರುವುದಿಲ್ಲ. ದಾವಣಗೆರೆಯ ನಮ್ಮ ಓಣಿಯಲ್ಲಿ ಒಬ್ಬರಿಗೆ ಕೀಲುನೋವಿನ ಎಣ್ಣೆ ಗೊತ್ತು, ಇನ್ನೊಬ್ಬರಿಗೆ ಯಾವ ರೈಲು ಯಾವ ಸ್ಟೇಷನ್ನಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆಂದು ಗೊತ್ತು. ನನಗೆ ಗೊತ್ತಿರುವುದು ಇಂಗ್ಲೆಂಡಿನ ಒಂದು ಹಳೆಯ ಪ್ರೊಗ್ರೆಸಿವ್ ರಾಕ್ ಬ್ಯಾಂಡು. ಹೆಸರು ಹೇಳುವುದಿಲ್ಲ, ಹೇಳಿದರೆ ಅವರ ಅಭಿಮಾನಿಗಳು ಮನೆ ಹುಡುಕಿಕೊಂಡು ಜಗಳಕ್ಕೆ ಬರುತ್ತಾರೆ. ಇವರ ಒಂದೊಂದು ಹಾಡು ಇಪ್ಪತ್ತು ನಿಮಿಷ. ಹಾಡುಗಾರ ನಾಲ್ಕು ಸಾಲು ಹಾಡಿ ಎಲ್ಲಿಗೋ ಹೋಗಿಬಿಡುತ್ತಾನೆ. ಉಳಿದವರು ಅವನನ್ನು ಹುಡುಕುತ್ತಿರುವವರಂತೆ ಬಾರಿಸುತ್ತಲೇ ಇರುತ್ತಾರೆ.

ಮದುವೆಯಾದ ಹೊಸತರಲ್ಲಿ ಒಮ್ಮೆ ಮನೆಯಲ್ಲಿ ಇವರನ್ನು ಜೋರಾಗಿ ಹಾಕಿದ್ದೆ. ಎರಡನೇ ನಿಮಿಷಕ್ಕೆ ಹೆಂಡತಿ ಗಿರಿಜಾ ಹೊರಗೆ ಬಂದು, "ರೀ, ಟೇಪು ಕೆಟ್ಟೈತೇನ್ರಿ?" ಎಂದಳು. ಅವತ್ತಿನಿಂದ ನಾನು ಹೆಡ್‌ಫೋನಿಗೆ ಶರಣಾದೆ. ಅದರ ಒಂದು ಕಿವಿ ಆಗಲೇ ಸತ್ತಿತ್ತು, ಇನ್ನೊಂದರಲ್ಲಿ ಕೇಳಿದ್ದೇ ಭಾಗ್ಯ. ನನ್ನ ಕಿವಿ ಬಹಳ ಸೂಕ್ಷ್ಮ, ಏನು ಮಾಡುವುದು! ಗಿರಿಜಾಳ ತವರು ಹರಿಹರದಲ್ಲಿ ನಡೆದ ನಮ್ಮ ಮದುವೆಯ ಮೆರವಣಿಗೆಯಲ್ಲಿಯೂ ಬ್ಯಾಂಡ್‌ಸೆಟ್ಟಿನವರ ಗದ್ದಲ ತಾಳಲಾರದೆ ಅರ್ಧಕ್ಕೇ ನಿಲ್ಲಿಸಿದವನು ನಾನು. "ಮದುವಿ ಅಲ್ಲ, ಮೌನ ಮೆರವಣಿಗಿ ಆತು ನಂದು" ಎಂದು ಗಿರಿಜಾ ಇವತ್ತಿಗೂ ಹಂಗಿಸುತ್ತಾಳೆ.

ಆಗ ಮಂಡಿಪೇಟೆಯ ಒಂದು ಸಂದಿಯಲ್ಲಿ ಕ್ಯಾಸೆಟ್ ಅಂಗಡಿಯಿತ್ತು. ಖಾಲಿ ಕ್ಯಾಸೆಟ್ ಕೊಟ್ಟು, ಬೇಕಾದ ಹಾಡುಗಳ ಚೀಟಿ ಕೊಟ್ಟರೆ ವಾರದೊಳಗೆ ತುಂಬಿಸಿ ಕೊಡುತ್ತಿದ್ದರು. ಅಂಗಡಿಯವರಿಗೆ ಒಂದು ವ್ರತವಿತ್ತು: ಟೇಪಿನಲ್ಲಿ ಒಂದು ಗೇಣೂ ಖಾಲಿ ಬಿಡಬಾರದು. "ಗಿರಾಕಿ ಪೂರ್ತಿ ಟೇಪ್ ತಂದಿರ್ತಾನ್ರಿ, ಖಾಲಿ ಬಿಟ್ರೆ ಮೋಸ ಆಗ್ತೈತೆ" ಎನ್ನುತ್ತಿದ್ದರು. ಮದುವೆಯಾಗಿ ಆರು ತಿಂಗಳಿಗೆ ನಾನು ಆ ಬ್ಯಾಂಡಿನ ಐದನೇ ಆಲ್ಬಮ್ ತುಂಬಿಸಿದ್ದು ಅಲ್ಲೇ. ಮುಖಪುಟದಲ್ಲಿ ಆಮೆಯ ಚಿತ್ರವಿದ್ದದ್ದು. ಕ್ಯಾಸೆಟ್ ಕೈಗಿಡುವಾಗ ಅವರು ನಕ್ಕು, "ಕೊನೀತನಕ ಕೇಳ್ರಿ ಸಾರ್" ಎಂದಿದ್ದರು. ಕೇಳಿದೆ. ಮೂವತ್ತು ವರ್ಷದಿಂದ ಕೇಳುತ್ತಲೇ ಇದ್ದೇನೆ.

ಆ ಕೊನೆಯೇ ಎಲ್ಲ ಜಗಳದ ಮೂಲ. ಹರಿಹರದಲ್ಲಿ ಪಂಪ್‌ಸೆಟ್ ಅಂಗಡಿಯಿಟ್ಟಿರುವ ನನ್ನ ಗೆಳೆಯ ಚಂದ್ರಣ್ಣನೂ ಇದೇ ಬ್ಯಾಂಡಿನ ಭಕ್ತ. ಆದರೆ ಅವನ ಪ್ರಕಾರ ದೀಪಸ್ತಂಭದ ಚಿತ್ರವಿರುವ ನಾಲ್ಕನೇ ಆಲ್ಬಮ್ಮೇ ಶ್ರೇಷ್ಠ. ಗಿರಾಕಿಗಳು ಪೈಪು ಹಿಡಿದು ನಿಂತಿರುವಾಗಲೇ ನಾವು ಕಿತ್ತಾಡಿದ್ದುಂಟು. ನನ್ನ ಬ್ರಹ್ಮಾಸ್ತ್ರ ಆಮೆಯ ಕೊನೆಯ ನಾಲ್ಕು ನಿಮಿಷ. ಗಿಟಾರುಗಳ ಬಿರುಗಾಳಿ ನಿಂತ ಮೇಲೆ ಒಂದು ಕ್ಲಾರಿನೆಟ್ ಒಂಟಿಯಾಗಿ ಬರುತ್ತದೆ. ಅಳುತ್ತದೋ ನಗುತ್ತದೋ ತಿಳಿಯದಂತೆ ಮೇಲಕ್ಕೆ ಮೇಲಕ್ಕೆ ಏರಿ, ಇನ್ನೇನು ತುದಿ ಮುಟ್ಟಿತು ಅನ್ನುವಾಗ ದೂರದಿಂದ ಯಾರೋ ಅಸ್ಪಷ್ಟವಾಗಿ ಕೂಗುತ್ತಾರೆ, ಅಲ್ಲಿಗೆ ಸಂಗೀತ ಫಟ್ಟನೆ ನಿಂತುಹೋಗುತ್ತದೆ. ಆ ಕೂಗು ಕಲೆಯನ್ನು ಕೊಲ್ಲುವ ಆಧುನಿಕ ನಾಗರಿಕತೆಯ ದನಿ ಎಂದು ನಮ್ಮ ಆಫೀಸಿನ ರಿಕ್ರಿಯೇಷನ್ ಕ್ಲಬ್ಬಿನಲ್ಲಿ ಮುಕ್ಕಾಲು ಗಂಟೆ ಉಪನ್ಯಾಸ ಕೊಟ್ಟಿದ್ದೇನೆ. ಇಬ್ಬರು ಎದ್ದು ಹೋಗಿದ್ದರು, ಆ ಮಾತು ಬೇರೆ.

"ನನ್ನ ಕ್ಯಾಸೆಟ್‌ನಾಗೆ ಕ್ಲಾರಿನೆಟ್ಟೇ ಇಲ್ಲಲ್ಲೋ ಮಾರಾಯ!" ಎಂದು ಚಂದ್ರಣ್ಣ ಬಡಕೊಳ್ಳುತ್ತಿದ್ದ. ಅವನದು ಕಂಪನಿ ಕ್ಯಾಸೆಟ್ಟು; ಇಂಡಿಯಾಕ್ಕೆ ಕಳಿಸುವಾಗ ಕತ್ತರಿಸಿದ್ದಾರೆ ಎಂದೆ. ಮೊನ್ನೆ ಮೊಬೈಲಿನಲ್ಲಿ ಹಾಕಿ ತೋರಿಸಿದ. ಅದರಲ್ಲೂ ಇರಲಿಲ್ಲ. ಈಗಿನವರು ಹಳೆಯದನ್ನೆಲ್ಲ ತಿಕ್ಕಿ ತೊಳೆದು ಹಾಕುತ್ತಾರೆ, ಒಳ್ಳೆಯದೂ ಕೊಚ್ಚಿಕೊಂಡು ಹೋಗಿರುತ್ತದೆ ಎಂದೆ. ಅವನಿಗೆ ರೇಗಿತು. "ಹಳೇ ಟೇಪ್ ಡೆಕ್ ರಿಪೇರಿ ಮಾಡ್ಸೀನಿ. ಭಾನುವಾರ ನಿನ್ನ ಕ್ಯಾಸೆಟ್ ತಗಂಡು ಬಾ. ಸೋತೋನು ಸಾಯೋತನಕ ಸಂಗೀತದ ಬಗ್ಗೆ ಬಾಯಿ ಬಿಡಂಗಿಲ್ಲ, ನೋಡು!"

ಒಪ್ಪಿಕೊಂಡು ಮನೆಗೆ ಬಂದ ಮೇಲೆ ಭಯವಾಯಿತು. ಸತ್ಯ ಹೇಳಿಬಿಡುತ್ತೇನೆ: ಪ್ರಮೋಷನ್ ಬೇಡವೆಂದು ಬರೆದುಕೊಟ್ಟ ಗುಮಾಸ್ತ ನಾನು. ಹಾಡಲು ಬರುವುದಿಲ್ಲ, ಆಡಲು ಬರುವುದಿಲ್ಲ. ನಾಲ್ಕು ಜನರ ನಡುವೆ ನಾನು ಬಾಯಿ ಬಿಡಬಹುದಾದ ವಿಷಯ ಇದೊಂದೇ. ಇದೂ ಹೋದರೆ ಉಳಿದ ಆಯುಷ್ಯವನ್ನು ಹವಾಮಾನದ ಬಗ್ಗೆ ಮಾತಾಡಿ ಕಳೆಯಬೇಕು. ಜೊತೆಗೆ ಕುತೂಹಲವೂ ಕೊರೆಯುತ್ತಿತ್ತು. ಎಲ್ಲ ಪ್ರತಿಗಳಿಂದ ಮಾಯವಾದ ಆ ಕ್ಲಾರಿನೆಟ್ಟು ನನ್ನೊಬ್ಬನ ಬಳಿ ಹೇಗೆ ಉಳಿಯಿತು?

ಭಾನುವಾರ ಗಿರಿಜಾಳೂ ತವರೂರಿನ ನೆಪ ಹೇಳಿ ಜೊತೆಗೆ ಬಂದಳು. "ಬರ್ರಿ ಅಕ್ಕಾರೆ, ಕೂಡ್ರಿ. ಇವತ್ತು ನಿಮ್ಮ ಯಜಮಾನ್ರ ಸೊಕ್ಕು ಇಳಿಸ್ತೀನಿ" ಎಂದು ಸ್ವಾಗತಿಸಿದ ಚಂದ್ರಣ್ಣ, ಎರಡು ದೊಡ್ಡ ಸ್ಪೀಕರುಗಳ ಎದುರು ಕುರ್ಚಿ ಹಾಕಿದ್ದ. ಇಪ್ಪತ್ತು ನಿಮಿಷ ಬಿರುಗಾಳಿ ಬೀಸಿತು. ಗಿರಿಜಾ ಮಂಡಕ್ಕಿ ತಿನ್ನುತ್ತ ಗೋಡೆ ನೋಡುತ್ತಿದ್ದಳು. ಆಮೇಲೆ ಕ್ಲಾರಿನೆಟ್ ಶುರುವಾಯಿತು. ಚಂದ್ರಣ್ಣನ ಮುಖದ ನಗೆ ಆರಿತು. ಮುಂದಕ್ಕೆ ಬಾಗಿ ಕೂತ. "ಲೇ... ಇದು ಭಾಳ ಚಲೋ ಐತಲ್ಲೋ" ಎಂದ. ನನಗೆ ಕಣ್ಣು ತುಂಬಿ ಬಂತು. ಮೂವತ್ತು ವರ್ಷದ ವ್ಯಾಜ್ಯ ಗೆದ್ದಿದ್ದೆ!

ಅಷ್ಟರಲ್ಲಿ ಗಿರಿಜಾ ಮಂಡಕ್ಕಿ ತಟ್ಟೆ ಕೆಳಗಿಟ್ಟಳು. "ಇದು ನಮ್ಮ ತವರುಮನಿ ಓಣಿ ಹನುಮಂತಣ್ಣಂದು ಅಲ್ಲೇನ್ರಿ? ಬ್ಯಾಂಡ್‌ಸೆಟ್ಟಿನ ಹನುಮಂತಣ್ಣ! ದಿನಾ ಮುಂಜಾನಿ ಜಗಲಿ ಮ್ಯಾಲೆ ಕೂತು ಇದನ್ನೇ ಊದೋರು."

"ನಿನ್ನ ತಲೆ. ಇದು ಇಂಗ್ಲೆಂಡು" ಎಂದೆ.

"ಯಾವ ಇಂಗ್ಲೆಂಡ್ರಿ? ನೀವೇ ಆ ಕ್ಯಾಸೆಟ್ ಅಂಗಡಿಯೋರನ್ನ ಮದುವಿಗೆ ಕರೆದಿದ್ರಿ. ಟೇಪ್ ರೆಕಾರ್ಡರ್ ಹೆಗಲಿಗೆ ಹಾಕ್ಕೊಂಡು ಮೆರವಣಿಗ್ಯಾಗ ಹನುಮಂತಣ್ಣನ ಬ್ಯಾಂಡಿನ ಪಕ್ಕಾನೇ ನಡೀತಿದ್ರು. ಮರೆತ್ರೇನು?"

ನಾನು ಉತ್ತರ ಕೊಡುವ ಮೊದಲೇ ಕ್ಲಾರಿನೆಟ್ ತುದಿಗೇರಿತು, ಕೂಗು ಬಂತು. ಒಂಟಿ ಕಿವಿಯ ಹೆಡ್‌ಫೋನಿನಲ್ಲಿ ಮೂವತ್ತು ವರ್ಷ ಅಸ್ಪಷ್ಟವಾಗಿದ್ದ ಆಧುನಿಕ ನಾಗರಿಕತೆಯ ದನಿ ಎರಡೂ ಸ್ಪೀಕರುಗಳಿಂದ ಸ್ಪಷ್ಟವಾಗಿ ಹೊರಬಿತ್ತು: "ಏಯ್, ನಿಲ್ಸ್ರಪ್ಪಾ ಸಾಕು! ತಲೆ ಸಿಡೀತೈತೆ!"

ತನ್ನ ದನಿ ತನಗೆ ಗುರುತು ಸಿಗುವುದಿಲ್ಲವಂತೆ. ಗಿರಿಜಾಗೆ ಸಿಕ್ಕಿತ್ತು, ಚಂದ್ರಣ್ಣನಿಗೂ ಸಿಕ್ಕಿತ್ತು. ಅವನು ನಗುತ್ತಾನೆಂದು ಕಾದೆ. ಅವನು ನಗಲಿಲ್ಲ, ಟೇಪನ್ನು ಹಿಂದಕ್ಕೆ ಸುತ್ತಿ ಕ್ಲಾರಿನೆಟ್ಟನ್ನು ಮತ್ತೆ ಹಾಕಿದ. ಮೂವರೂ ಕೂಗಿನ ತನಕ ಕೇಳಿದೆವು.

"ಹನುಮಂತಣ್ಣ ಈಗ ಎಲ್ಲಿದ್ದಾರೆ?" ಎಂದು ಕೇಳಿದೆ.

"ಇಲ್ಲೇ ಅದಾರ. ಹಲ್ಲೆಲ್ಲ ಬಿದ್ದಾವ, ಊದಕ್ಕಾಗಂಗಿಲ್ಲ" ಎಂದಳು ಗಿರಿಜಾ.

"ಬೇರೆ ಯಾವುದಾದರೂ ರೆಕಾರ್ಡು?"

"ಅವ್ರ ಬ್ಯಾಂಡನ್ನ ಯಾರು ರೆಕಾರ್ಡ್ ಮಾಡ್ತಾರ್ರಿ? ಅವತ್ತೊಂದಿನ ಆ ಅಂಗಡಿಯೋರು ಮಾಡ್ಕೊಂಡು ನಿಮ್ಮ ಟೇಪಿನ ಖಾಲಿ ಜಾಗಕ್ಕ ತುಂಬಿದ್ದು, ಅಷ್ಟೆ."

ಪಂದ್ಯದ ಪ್ರಕಾರ ನಾನಿನ್ನು ಸಂಗೀತದ ಬಗ್ಗೆ ಮಾತಾಡುವಂತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ; ಬರೆಯಬಾರದೆಂದು ಚಂದ್ರಣ್ಣ ಹೇಳಿಲ್ಲ. ಈಗಲೂ ನನ್ನ ಪಾಲಿಗೆ ಆಮೆ ಆಲ್ಬಮ್ಮೇ ಶ್ರೇಷ್ಠ. ಅದರಲ್ಲಿರುವ ದೋಷ ಒಂದೇ. ಕೊನೆಯಲ್ಲಿ ಆ ಮೂರ್ಖ ಕೂಗದೇ ಇದ್ದಿದ್ದರೆ ಇನ್ನೂ ಒಂದಿಷ್ಟು ಕೇಳಬಹುದಿತ್ತು.