ಲಲಿತಾ ಮೇಡಂ ಕೈರೊಟ್ಟಿ

ಹೊಸಪೇಟೆಯ ಮೌನೇಶನಿಗೆ ಆದ ಅನ್ಯಾಯ ಜಗತ್ತಿನ ಯಾವ ಗಂಡಸಿಗೂ ಆಗಿರಲಿಕ್ಕಿಲ್ಲ. ಹಾಗೆಂದು ಮೌನೇಶನೇ ಹೇಳುತ್ತಾನೆ. ಆದರೆ ಮನಸ್ಸಿನಲ್ಲೇ ಹೇಳಿಕೊಳ್ಳಬೇಕು, ಬಾಯಿ ಬಿಡುವ ಹಾಗಿಲ್ಲ. ದೋಣಿಮಲೈ ಗಣಿಯಲ್ಲಿ ಆನೆಗಾತ್ರದ ಡಂಪರುಗಳನ್ನು ಒಂದೇ ಬೆರಳಿನ ಸನ್ನೆಯಲ್ಲಿ ನಿಲ್ಲಿಸುವ ಫೋರ್‌ಮನ್ ಒಬ್ಬ, ತಾನು ಬಡಿದ ರೊಟ್ಟಿಯ ಕೀರ್ತಿಯೆಲ್ಲ ಹೆಂಡತಿಯ ಪಾಲಾಯಿತೆಂದು ಕಂಪನಿ ಬಸ್ಸಿನಲ್ಲಿ ಕೂತು ಅಳಲಿಕ್ಕಾಗುತ್ತದೆಯೇ?

ಇದೆಲ್ಲ ಶುರುವಾದದ್ದು ಹೆಂಡತಿ ಲಲಿತಾ ಫಾರಿನ್ನಿಗೆ ಹೋದಾಗ. ಲಲಿತಾ ಊರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಲೆಕ್ಚರರ್. ಹದಿನೆಂಟು ವರ್ಷ ಪಾಠ ಹೇಳಿದ ಮೇಲೆ, ನಲವತ್ಮೂರನೇ ವಯಸ್ಸಿನಲ್ಲಿ, ಆಕೆಗೆ ಮತ್ತೆ ಬ್ಯಾಗು ಹಾಕಿಕೊಂಡು ವಿದ್ಯಾರ್ಥಿನಿಯಾಗುವ ಯೋಗ ಕೂಡಿಬಂತು. ಹಾಲೆಂಡಿನಲ್ಲಿ ಹತ್ತು ತಿಂಗಳ ಕೋರ್ಸು. ವಿಷಯ, ಜೋಳದ ಬೇರು. (ಜೋಳದ ಹೊಲದ ಬದುವಿನಲ್ಲಿ ಹುಟ್ಟಿ ಬೆಳೆದವಳು ಜೋಳದ ಮುಖ ಕಾಣದ ದೇಶಕ್ಕೆ ಹೋಗಿ ಜೋಳ ಓದಬೇಕು. ವಿದ್ಯೆ ಅಂದರೆ ಹಾಗೆಯೇ, ಅದರಲ್ಲಿ ನಮ್ಮಂಥವರು ಬಾಯಿ ಹಾಕಬಾರದು ಎಂದು ಮೌನೇಶ ಸುಮ್ಮನಿದ್ದ.) ಮಗಳು ಗಂಗೋತ್ರಿ ಧಾರವಾಡದ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಮನೆಯಲ್ಲಿ ಉಳಿದದ್ದು ಮೌನೇಶ, ಗ್ಯಾಸಿನ ಒಲೆ ಮತ್ತು ಒಂದು ಡಬ್ಬಿ ಜೋಳದ ಹಿಟ್ಟು.

ಮೊದಲ ಹದಿನೈದು ದಿನ ಅವನು ಖಾನಾವಳಿಗೆ ಹೋದ. ಅಲ್ಲಿಯ ರೊಟ್ಟಿಯನ್ನು ಹಲ್ಲಿನಿಂದ ಹರಿಯುವಷ್ಟರಲ್ಲಿ ಹಸಿವೆಯೇ ಸತ್ತುಹೋಗುತ್ತಿತ್ತು. ಹದಿನಾರನೆಯ ದಿನ ಮೊಬೈಲಿನಲ್ಲಿ ಯಾರೋ ಅಜ್ಜಿ ರೊಟ್ಟಿ ಬಡಿಯುವ ವಿಡಿಯೋ ಹಚ್ಚಿಕೊಂಡು, ಎಸರು ಕಾಯಿಸಿ, ಕುಲದೇವರನ್ನು ನೆನೆದು ಹಿಟ್ಟಿಗೆ ಕೈ ಹಾಕಿಯೇಬಿಟ್ಟ. ಮೊದಲನೆಯ ರೊಟ್ಟಿ ಅಡುಗೆಕಟ್ಟೆಯ ಕಲ್ಲಿನಿಂದ ಮೇಲೇಳಲಿಲ್ಲ. ಎರಡನೆಯದು ಎದ್ದಿತು, ಹಂಚಿನವರೆಗೆ ಬರಲಿಲ್ಲ. ಮೂರನೆಯದು ಹಂಚಿಗೆ ಬಂತು, ಆಮೇಲೆ ಹಂಚನ್ನು ಬಿಡಲಿಲ್ಲ. ಆದರೆ ಮೌನೇಶ ಛಲಗಾರ. ಎರಡು ತಿಂಗಳು ತುಂಬುವಷ್ಟರಲ್ಲಿ ಅವನು ಬಡಿದ ರೊಟ್ಟಿ ಹಂಚಿನ ಮೇಲೆ ಉಬ್ಬಿ ನಿಲ್ಲತೊಡಗಿತು. ಒಬ್ಬನೇ ಕೂತು ಅದನ್ನು ತಿನ್ನುವಾಗ ಅವನಿಗೆ ತನ್ನ ಮೇಲೆ ಎಂಥಾ ಪ್ರೀತಿ ಉಕ್ಕುತ್ತಿತ್ತೆಂದರೆ, ಕೈ ತಾನಾಗಿಯೇ ಇನ್ನೊಂದು ರೊಟ್ಟಿಗೆ ಹೋಗುತ್ತಿತ್ತು.

ಹೇಳಿಕೊಳ್ಳುವುದು ಯಾರ ಹತ್ತಿರ? ಹಿಂದೊಮ್ಮೆ ಹೆಂಡತಿಯ ಸೀರೆ ಒಣಹಾಕಿದೆ ಎಂದು ಬಾಯಿಜಾರಿ ಹೇಳಿದ ಒಬ್ಬನನ್ನು ಕಂಪನಿ ಬಸ್ಸಿನವರು ಅವನು ರಿಟೈರ್ ಆಗುವವರೆಗೆ 'ಸೀರಿ ಮಾವ' ಎಂದೇ ಕರೆದಿದ್ದರು. ಹೀಗಾಗಿ ಪಕ್ಕದ ಸೀಟಿನ ಯಲ್ಲೇಶ, ಊಟದ ಡಬ್ಬಿ ಎಲ್ಲಿಂದ ಬರುತ್ತದೆ ಎಂದು ಕೇಳಿದಾಗ ಮೌನೇಶ ಮುಖ ಸಪ್ಪಗೆ ಮಾಡಿ ಖಾನಾವಳಿಯ ಹೆಸರು ಹೇಳಿದ. ಬೆಳಗಿನ ಐದು ಗಂಟೆಗೆ ಪಟಪಟ ಸದ್ದು ಓಣಿಗೆ ಕೇಳಬಾರದೆಂದು ಸುಪ್ರಭಾತ ಜೋರಾಗಿ ಹಚ್ಚಿದ. ಹೆಂಡತಿ ಊರಲ್ಲಿ ಇಲ್ಲದಾಗ ಈ ಮನುಷ್ಯನಿಗೆ ಎಷ್ಟು ಭಕ್ತಿ ಬಂದಿದೆಯಲ್ಲ ಎಂದು ಓಣಿಯವರು ಮಾತಾಡಿಕೊಂಡರು.

ಹತ್ತು ತಿಂಗಳು ಮುಗಿದು ಲಲಿತಾ ಬಂದಳು. ಸೋಮವಾರವೇ ಕಾಲೇಜಿಗೆ ಹೊರಟಳು. ಹತ್ತು ತಿಂಗಳು ಬೆಂಚಿನ ಮೇಲೆ ಕೂತವಳಿಗೆ ಬೋರ್ಡಿನ ಮುಂದೆ ನಿಲ್ಲುವುದು ಮರೆತಂತಾಗಿತ್ತು. ಗಂಟೆ ಹೊಡೆದ ಜವಾನನಿಗೆ ಥ್ಯಾಂಕ್ಸ್ ಹೇಳಿದಳು. ಅವನು ಏನು ತಪ್ಪಾಯಿತೋ ಎಂದು ಗಾಬರಿಯಾಗಿ ಇನ್ನೊಮ್ಮೆ ಹೊಡೆದ. ಅಲ್ಲಿಯ ಪ್ರೊಫೆಸರರಂತೆ ತನ್ನನ್ನೂ ಬರೀ ಹೆಸರು ಹಿಡಿದು ಕರೆಯಿರಿ ಎಂದು ಹುಡುಗರಿಗೆ ಹೇಳಿದಳು. ಅವರು ಆ ಭಯಕ್ಕೆ ಎರಡು ದಿನ ಬಾಯಿಯೇ ತೆರೆಯಲಿಲ್ಲ. ಪಾಠ ಮುಗಿಸಿ, ಪ್ರಶ್ನೆಗಳಿದ್ದರೆ ಕೇಳಿ, ಚರ್ಚೆ ಮಾಡೋಣ ಎಂದು ಹತ್ತು ನಿಮಿಷ ಕಾದಾಗ ಹಿಂದಿನ ಬೆಂಚಿನಿಂದ ಒಂದೇ ಒಂದು ಪ್ರಶ್ನೆ ಬಂತು. ಇದು ಎಕ್ಸಾಮಿಗೆ ಬರುತ್ತದೋ ಇಲ್ಲವೋ ಎಂಬುದು.

ಸೋತು ಸುಣ್ಣವಾಗಿ ಮನೆಗೆ ಬಂದವಳು ಸಂಜೆ ರೊಟ್ಟಿಗೆ ನಿಂತರೆ ಅಲ್ಲಿಯೂ ಅದೇ ಗತಿ. ಹತ್ತು ತಿಂಗಳು ಬ್ರೆಡ್ಡಿಗೆ ಬೆಣ್ಣೆ ಸವರಿದ ಕೈಗೆ ಬಡಿಯುವ ಲಯ ತಪ್ಪಿತ್ತು. ರೊಟ್ಟಿ ಮೂರು ಕಡೆ ಬಿರಿಯಿತು. ಮೌನೇಶ ಇದೇ ಗಳಿಗೆಗಾಗಿ ಕಾದಿದ್ದನೇನೋ, ಅಂಗಿಯ ತೋಳು ಮಡಚಿ ಆಕೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ತಾನು ನಿಂತ. ಹಂಚಿನ ಮೇಲೆ ರೊಟ್ಟಿ ಉಬ್ಬಿದಾಗ ಲಲಿತಾ ಬಾಯಿ ತೆರೆದು ನೋಡುತ್ತ ನಿಂತಳು. ಎರಡು ತುತ್ತು ತಿಂದು ಹೇಳಿದಳು:

"ನಮ್ಮವ್ವನ ಕೈಯಾಗೂ ಹಿಂಗ ಬಂದಿಲ್ಲ ನೋಡ್ರಿ."

ಮೌನೇಶನಿಗೆ ಅವತ್ತಿನಷ್ಟು ಸುಖ ಮದುವೆಯ ದಿನವೂ ಆಗಿರಲಿಲ್ಲ. ಆ ಸುಖದ ಭರದಲ್ಲಿ ಇನ್ನು ಮುಂದೆ ದಿನಾ ತಾನೇ ಬಡಿಯುತ್ತೇನೆಂದು ಮಾತು ಕೊಟ್ಟ. ಕೊಟ್ಟು, ಈ ಸುದ್ದಿ ಹೊಸ್ತಿಲು ದಾಟಬಾರದೆಂದು ಅವಳ ಕೈಯಲ್ಲಿ ಆಣೆಯನ್ನೂ ಹಾಕಿಸಿದ. ಬುದ್ಧಿ ಇದ್ದವರು ಮಾಡುವ ಕೆಲಸವೇ ಇದು?

ಮರುದಿನ ಸ್ಟಾಫ್ ರೂಮಿನಲ್ಲಿ ಲಲಿತಾಳ ಡಬ್ಬಿ ತೆರೆಯಿತು. ಕನ್ನಡದ ಲೆಕ್ಚರರ್ ಚಂದ್ರಕಲಾ (ಬಸ್ಸಿನ ಯಲ್ಲೇಶನ ಹೆಂಡತಿಯೂ ಈಕೆಯೇ) ಒಂದು ಚೂರು ಮುರಿದು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಫಾರಿನ್ನಿಗೆ ಹೋಗಿ ಬಂದ ಮೇಲೆ ಮೇಡಮ್ಮರ ಕೈ ಮತ್ತಷ್ಟು ಹದಕ್ಕೆ ಬಂದಿದೆ ಎಂದು ಸಾರಿದಳು. ಡಬ್ಬಿಯ ರೊಟ್ಟಿ ಎರಡಿದ್ದದ್ದು ಆರಾಯಿತು, ಆರು ಹನ್ನೆರಡಾಯಿತು. ಹಾಲೆಂಡಿನಲ್ಲಿ ಕಲಿತ ಜೋಳದ ಬೇರಿನ ಬಗ್ಗೆ ಸ್ಟಾಫ್ ರೂಮಿನಲ್ಲಿ ಒಬ್ಬರೂ ಕೇಳಲಿಲ್ಲ. ರೊಟ್ಟಿಯ ಬಗ್ಗೆ ಪ್ರಿನ್ಸಿಪಾಲರೂ ವಿಚಾರಿಸಿದರು.

ಲಲಿತಾ ಪಾಪ, ಸಂಜೆ ಬಂದು ಹೊಗಳಿಕೆಯನ್ನೆಲ್ಲ ಒಂದಕ್ಷರ ಬಿಡದೆ ಗಂಡನಿಗೆ ಒಪ್ಪಿಸುತ್ತಿದ್ದಳು. ಅವನಿಗೆ ಖುಷಿಯಾಗಲೆಂದೇ ಒಪ್ಪಿಸುತ್ತಿದ್ದಳು. ಅವನೋ ಒಂದೊಂದು ಮಾತಿಗೂ ಹಿಟ್ಟಿನ ಜರಡಿಯನ್ನು ಜೋರಾಗಿ ಕುಟ್ಟುತ್ತಿದ್ದ. ಅದು ಸಾಲದೆಂದು ಯಲ್ಲೇಶ ಬಸ್ಸಿನಲ್ಲಿ ದಿನಾ ನಿಟ್ಟುಸಿರು ಬಿಟ್ಟು, ಅಂಥಾ ಕೈರೊಟ್ಟಿ ತಿನ್ನಲಿಕ್ಕೆ ಏಳು ಜನ್ಮದ ಪುಣ್ಯ ಬೇಕು, ನೀನು ಪಡೆದು ಬಂದೀ ಎನ್ನುತ್ತಿದ್ದ. ಮೂರನೆಯ ವಾರ ಮೌನೇಶನಿಗೆ ತಡೆಯಲಾಗಲಿಲ್ಲ.

"ಲಲಿತಾ, ಹೇಳಿಬಿಡು ಅತ್ಲಾಗ. ಬಡಿದಾವ ನಾನು ಅಂತ."

"ನನಗ್ಯಾಕ ಹೇಳ್ತೀರಿ? ಆಣಿ ಹಾಕ್ಸಿದವರು ನೀವು. ಬೇಕಾದ್ರ ನೀವೇ ಮುರೀರಿ."

ಆಯಿತು, ಮುರಿದೇಬಿಡುವುದು ಎಂದು ಮೌನೇಶ ತೀರ್ಮಾನಿಸಿದ. ಫಾರಿನ್ನಿನಿಂದ ಬಂದದ್ದಕ್ಕೆ ಊಟ ಹಾಕಿಸಿ ಎಂದು ಸ್ಟಾಫ್ ರೂಮಿನವರು ಲಲಿತಾಳ ಬೆನ್ನು ಹತ್ತಿದ್ದರು. ಭಾನುವಾರ ಮಧ್ಯಾಹ್ನ ಏಳು ಜನ ಬಂದರು, ಚಂದ್ರಕಲಾಳ ಸಂಗಡ ಬಂದ ಯಲ್ಲೇಶನೂ ಅವರಲ್ಲೊಬ್ಬ. ಮೌನೇಶ ನಸುಕಿನಲ್ಲೆದ್ದು ನಲವತ್ತು ರೊಟ್ಟಿ ಬಡಿದಿಟ್ಟಿದ್ದ. ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು ಬಡಿಸಿದ್ದಾಯಿತು. ಮೂರನೆಯ ರೊಟ್ಟಿಗೆ ಲಲಿತಾ ಮೇಡಮ್ಮರ ಕೈಗುಣದ ವರ್ಣನೆ ಮುಗಿಲು ಮುಟ್ಟಿತು. ಮೌನೇಶ ಎದ್ದು ನಿಂತ. ಸೀರಿ ಮಾವನ ಪಕ್ಕದಲ್ಲಿ ರೊಟ್ಟಿ ಮಾವ ಎನಿಸಿಕೊಂಡರೂ ಸೈ ಎಂದು ಗಂಟಲು ಸರಿಮಾಡಿಕೊಂಡ.

"ಈ ರೊಟ್ಟಿ ಬಡಿದಾವ ನಾನು. ದಿನಾ ಕಾಲೇಜಿಗೆ ಬರ್ತಾವಲ್ಲ, ಅವೂ ನನ್ನವ."

ಎಂಥಾ ನಗೆ ಎದ್ದಿತೆಂದರೆ, ಯಲ್ಲೇಶನಿಗೆ ಚಟ್ನಿ ನೆತ್ತಿಗೇರಿತು. ಲಲಿತಾ ಗಂಭೀರವಾಗಿ, ದೇವರಾಣೆಗೂ ಇವರೇ ಬಡಿಯುವುದು, ತನಗೆ ಈಗ ಬಡಿಯುವ ಕೈ ತಪ್ಪಿದೆ ಎಂದಳು. ಅದನ್ನು ಕೇಳಿ ಚಂದ್ರಕಲಾಳ ಕಣ್ಣು ತುಂಬಿದವು.

"ನೋಡ್ರಿ, ಗುಣ ಅಂದ್ರ ಇದು. ಫಾರಿನ್ನಿಗೆ ಹೋಗಿ ಓದಿ ಬಂದ್ರೂ ನಾಕು ಮಂದ್ಯಾಗ ಗಂಡನ ಮಾತು ಬೀಳಗೊಡಂಗಿಲ್ಲ."

ಲಲಿತಾ ನಿಜ ಹೇಳಿದಷ್ಟೂ ಆಕೆಯ ಪತಿಭಕ್ತಿ ಬೆಳೆಯುತ್ತ ಹೋಯಿತು. ಅಷ್ಟರಲ್ಲಿ ಯಲ್ಲೇಶ ನೀರು ಕುಡಿದು ಸುಧಾರಿಸಿಕೊಂಡು ಸಾಕ್ಷಿ ನುಡಿಯಲು ಎದ್ದ.

"ಹತ್ತು ತಿಂಗಳು ನನ್ನ ಪಕ್ಕದಾಗ ಕುಂತು ಖಾನಾವಳಿ ರೊಟ್ಟಿ ತಿಂದಾವ ಇವ. ಇವನ ಸಪ್ಪನ ಮಾರಿ ನೋಡಿ ನನಗ ಸಂಕಟ ಆಗ್ತಿತ್ತು. ಈಗ ರೊಟ್ಟಿ ಬಡೀತಾನಂತ."

ಮೌನೇಶನಿಗೆ ರೋಷ ಬಂತು. ಎಲ್ಲರನ್ನೂ ಅಡುಗೆಮನೆಗೆ ಕರೆದ. ಏಳು ಜೋಡಿ ಕಣ್ಣು ತನ್ನ ಹತ್ತು ಬೆರಳ ಮೇಲೆ ನೆಟ್ಟದ್ದೇ ತಡ, ಆ ಬೆರಳುಗಳು ಯಾರದೋ ಎಂಬಂತಾದವು. ಜಲ್ದಿ ಜಲ್ದಿ ಎಂದು ಯಲ್ಲೇಶ ಹಿಂದಿನಿಂದ ಅವಸರ ಮಾಡಿದ. ಮೌನೇಶ ಎಸರು ಕುದಿಯುವ ಮೊದಲೇ ಹಿಟ್ಟಿಗೆ ಸುರಿದುಬಿಟ್ಟ. ಜಿಗಿ ಹಿಡಿಯದ ಹಿಟ್ಟು ತಟ್ಟಿದ ಕಡೆಗೆಲ್ಲ ಬಿರಿಯಿತು. ಮೊದಲನೆಯದು ಕಲ್ಲಿನ ಮೇಲೆಯೇ ಉಳಿಯಿತು, ಎರಡನೆಯದು ಕೈಯಲ್ಲಿ ಎರಡಾಯಿತು, ಮೂರನೆಯದು ಹಂಚು ತಪ್ಪಿ ಒಲೆಯ ಮೇಲೆ ಬಿತ್ತು. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಎಲ್ಲರೂ ಅವನ ಬೆನ್ನು ಸವರಿ, ಹೋಗಲಿ ಬಿಡ್ರಿ, ಹೆಂಡತಿಗೆ ಒಂದು ಕೈ ಆಸರೆ ಆಗಬೇಕೆಂಬ ಮನಸ್ಸಾದರೂ ಬಂತಲ್ಲ ಎಂದು ಸಮಾಧಾನ ಮಾಡಿದರು.

ಹೊರಡುವಾಗ ಚಂದ್ರಕಲಾ ಬಾಗಿಲಲ್ಲಿ ನಿಂತು ದನಿ ತಗ್ಗಿಸಿದಳು.

"ಅಣ್ಣಾರ, ತಪ್ಪು ತಿಳೀಬ್ಯಾಡ್ರಿ. ನೀವೂ ಒಂದೀಟು ಅಡುಗಿ ಕಲೀರಿ. ಕಾಲೇಜು ಮಾಡಿ, ಮನಿ ಮಾಡಿ, ಇಷ್ಟೊಂದು ರೊಟ್ಟಿ ಬಡ್ದು, ಮೇಡಂ ಭಾಳ ಸೊರಗ್ಯಾರ."

"ಆಗ್ಲಿ ತಂಗಿ," ಎಂದ ಮೌನೇಶ. "ಕಲೀತೀನಿ."

ಬಾಗಿಲು ಹಾಕಿದ ಮೇಲೆ ಲಲಿತಾ ಗೋಡೆಗೆ ಒರಗಿ ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಮೌನೇಶ ಮುಖ ಗಂಟಿಕ್ಕಿಕೊಂಡು ಒಲೆಗೆ ಮೆತ್ತಿದ ಹಿಟ್ಟು ಒರೆಸುತ್ತಿದ್ದ. ಅವಳು ಎದ್ದು ಬಂದು ಅವನ ಕೈ ಹಿಡಿದು, ಹಂಚು ತಾಗಿ ಸುಟ್ಟ ಬೆರಳತುದಿಗಳನ್ನು ನೋಡಿ, ಅವರು ನಂಬದಿದ್ದರೆ ಕತ್ತೆಬಾಲ, ನನಗೆ ಗೊತ್ತಿದೆಯಲ್ಲ ಎಂದಳು. ಅವನ ಮುಖದ ಗಂಟು ಅರ್ಧ ಸಡಿಲಾಯಿತು. ಆಮೇಲೆ ಅವಳು ಮೆಲ್ಲಗೆ ವಿಷಯಕ್ಕೆ ಬಂದಳು.

"ಮತ್ತ, ನಾಳಿಗೆ ಇಪ್ಪತ್ನಾಕು ಬೇಕ್ರಿ. ಪ್ರಿನ್ಸಿಪಾಲ್ರು ಮನಿಗೂ ಒಯ್ತೀನಿ ಅಂದಾರ. ನಾನು ಹೂಂ ಅಂದುಬಿಟ್ಟೀನಿ."

ಮೌನೇಶ ಆಕೆಯ ಮುಖ ನೋಡಿದ. ಹಿಟ್ಟಿನ ಡಬ್ಬಿಯ ಮುಚ್ಚಳ ತೆರೆದು ಒಳಗೆ ಇಣುಕಿದ. ಇದ್ದದ್ದು ಹತ್ತು ರೊಟ್ಟಿಗಾಗುವಷ್ಟು. ಜೋಳದ ಚೀಲವನ್ನು ಹೆಗಲ ಮೇಲೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಗಿರಣಿಯ ಕಡೆಗೆ ನಡೆದ.