ಇಣುಕಿದರೆ ಕರಗುವ ಹರಳು

ಸಂಶೋಧಕಿ: ನೆಲ ಒರೆಸೋ ಕೋಲು ತಗುಲಿಸಿದ್ದು ನೀವೇ ತಾತ! ಮೇಜು ಅಲುಗಿ ನನ್ನ ಹರಳು ಮಂಗಮಾಯ!

ತಾತ: ನಾನು ನೆಲ ಒರೆಸಿದ್ರೆ ಇರುವೆಗೂ ನಿದ್ದೆ ಕೆಡಲ್ಲ ತಾಯಿ.

ಸಂಶೋಧಕಿ: ಹಾಗಾದ್ರೆ ಬಾಗಿಲು ದಢಾರ್ ಅಂತ ಹಾಕಿರ್ತೀರಿ.

ತಾತ: ಬಾಗಿಲ ಸದ್ದಿಗೆ ಮುನಿಸ್ಕೊಂಡು ಹೋಗೋಕೆ ಅದೇನು ಹರಳೋ, ಹೊಸ ಅಳಿಯನೋ?

ನಡುರಾತ್ರಿಯ ಪ್ರಯೋಗಾಲಯ. ಮೇಜಿನ ಮೇಲಿನ ಸೂಕ್ಷ್ಮದರ್ಶಕದ ಕೆಳಗೆ ಗಾಜಿನ ತಟ್ಟೆ, ತಟ್ಟೆಯಲ್ಲೊಂದು ಹನಿ. ಆ ಹನಿಯೊಳಗಿನ ಪ್ರೋಟೀನು ಹರಳಾಗಿ ಬೆಳೆಯುವ ಚಿತ್ರಗಳನ್ನು ನಾಳೆ ಪ್ರೊಫೆಸರಿಗೆ ಒಪ್ಪಿಸದಿದ್ದರೆ ಸಂಶೋಧಕಿಯ ಮೇಜು ಇನ್ನೊಬ್ಬರ ಪಾಲಾಗುತ್ತಿತ್ತು.

ಸಂಶೋಧಕಿ: ಕ್ಯಾಮೆರಾ ಪ್ರತಿ ಹತ್ತು ನಿಮಿಷಕ್ಕೂ ಫೋಟೊ ತೆಗೆದಿದೆ. ಕಳ್ಳನ್ನ ಈಗ್ಲೇ ಹಿಡೀತೀನಿ. ನೋಡಿ, ರಾತ್ರಿ ಒಂಬತ್ತಕ್ಕೆ ಸೂಜಿಮೊನೆಯಷ್ಟು ಹರಳಿದೆ. ಒಂಬತ್ತೂವರೆಗೆ ಇಲ್ಲ! ಆಗ ಎಲ್ಲಿದ್ರಿ?

ತಾತ: ಕೆಳಗೆ, ಮೆಟ್ಟಿಲು ಗುಡಿಸ್ತಿದ್ದೆ. ನೀವು?

ಸಂಶೋಧಕಿ: ಇಲ್ಲೇ. ಬೆಳೆದಿದ್ಯಾ ಅಂತ ನೋಡ್ತಿದ್ದೆ.

ತಾತ: ಆಮೇಲೆ?

ಸಂಶೋಧಕಿ: ಹನ್ನೊಂದಕ್ಕೆ ಮತ್ತೆ ಹುಟ್ಟಿದೆ. ಹನ್ನೊಂದೂವರೆಗೆ... ಇಲ್ಲ.

ತಾತ: ಆಗ ನೀವು?

ಸಂಶೋಧಕಿ: (ದನಿ ಇಳಿಸಿ) ಬೆಳೆದಿದ್ಯಾ ಅಂತ...

ತಾತ: ದೀಪ ಹಾಕ್ಕೊಂಡು?

ಸಂಶೋಧಕಿ: ದೀಪ ಇಲ್ದೆ ಕಾಣುತ್ತಾ?

ತಾತ: ಚಳಿಯಾದಾಗ ನಾನು ಕೈ ಕಾಯಿಸ್ಕೊಳ್ಳೋದು ಆ ದೀಪದಲ್ಲೇ! ಕ್ಯಾಮೆರಾ ಪಾಪ, ಕಣ್ಣು ಮಿಟುಕಿಸಿ ಸುಮ್ನಾಗುತ್ತೆ. ನೀವೋ, ಹನೀನ ಒಲೆ ಮೇಲಿಟ್ಟು ಗಟ್ಟಿಯಾಗು ಗಟ್ಟಿಯಾಗು ಅಂತಿದ್ದೀರಿ.

ಸಂಶೋಧಕಿ: ಅಯ್ಯೋ, ಕಳ್ಳಿ ನಾನೇನಾ!

ತಾತ: ಈಗ ಮನೆಗೆ ನಡೀರಿ. ಬೆಳಿಗ್ಗೆ ಬೇಗ ಬಂದು ನಾನೇ ಕಾವಲಿರ್ತೀನಿ. ಒಬ್ಬರೂ ಇಣುಕೋ ಹಾಗಿಲ್ಲ.

ಮರುದಿನ ಬೆಳಿಗ್ಗೆ ಸಂಶೋಧಕಿ ಓಡಿಬಂದು ಕಂಪ್ಯೂಟರ್ ಪರದೆ ನೋಡಿದಳು. ಚಿತ್ರದಿಂದ ಚಿತ್ರಕ್ಕೆ ಬೆಳೆದ ಹರಳು, ಏಳು ಗಂಟೆಯ ಚಿತ್ರದಲ್ಲಿ ಅಂಚು ಅಂಚೂ ಕೊರೆದಿಟ್ಟಂತೆ ನಿಂತಿತ್ತು.

ಸಂಶೋಧಕಿ: ಗೆದ್ವಿ ತಾತ! ಪ್ರೊಫೆಸರಿಗೆ ಇಷ್ಟು ಸಾಕು. ಸರೀರಿ, ಒಂದೇ ಸಲ ಕಣ್ಣಾರೆ ನೋಡ್ಬಿಡ್ತೀನಿ.

ತಾತ ಸೂಕ್ಷ್ಮದರ್ಶಕಕ್ಕೆ ಅಡ್ಡ ನಿಂತ.

ತಾತ: ಬೇಡ ತಾಯಿ.

ಸಂಶೋಧಕಿ: ಕೆಲಸ ಮುಗೀತಲ್ಲ, ಇನ್ನು ಕರಗಿದ್ರೆ ಕರಗ್ಲಿ!

ತಾತ: ಅದಲ್ಲ... ಮೂವತ್ತು ವರ್ಷ ಇದರ ಧೂಳು ಒರೆಸಿದ್ದೀನಿ, ಒಂದ್ಸಲಾನೂ ಒಳಗೆ ಕಣ್ಣಿಟ್ಟಿರ್ಲಿಲ್ಲ.

ಸಂಶೋಧಕಿ: ತಾತ! ನೋಡ್ಬಿಟ್ರಾ?

ತಾತ: ಎಂಥ ಚೆಂದ ಇತ್ತು ಅಂತೀರಿ! ಪೂರ್ತಿ ಕರಗೋವರೆಗೂ ತಲೆ ಎತ್ತೋಕೆ ಮನಸ್ಸೇ ಬರ್ಲಿಲ್ಲ.