ಮೀನುನಾತದ ಬೇರಿಗೆ ಉತ್ತರದ ಅಳಿಯನ ದೂರು

ಮಾನ್ಯ ಝೆಅರ್ಗೆನ್ ಬೇರಿನವರೇ,

ದಕ್ಷಿಣದ ಗುಯಿಝೌ ಬೆಟ್ಟಗಳ ಗದ್ದೆಬದುಗಳಲ್ಲಿ ತಾವು ಸಪರಿವಾರ ಸೊಂಪಾಗಿರುವಿರೆಂದು ನನ್ನ ಮೂಗಿನಿಂದಲೇ ತಿಳಿದು ಸಂತೋಷಪಟ್ಟಿದ್ದೇನೆ. ಉತ್ತರದ ಶಾನ್ಸಿಯಿಂದ ಬಂದು ಇಲ್ಲಿ ನೂಡಲ್ಸ್ ಅಂಗಡಿ ಇಟ್ಟಿರುವ ನಾನು, ತಮ್ಮಿಂದ ಅನುಭವಿಸಿದ್ದನ್ನು ಬಹಿರಂಗವಾಗಿ ನಿವೇದಿಸಿಕೊಳ್ಳಲು ಅಪ್ಪಣೆ ಬೇಡುತ್ತೇನೆ.

ಚಿಯು ಮೈಲಾನ್ ಎಂಬಾಕೆಯನ್ನು ಮೆಚ್ಚಿ ಹೆಣ್ಣು ಕೇಳಲು ಹೋದ ದಿನ, ಅವಳ ತಂದೆ, ಊರಿನ ನಾಟಿವೈದ್ಯರು, ಹಸಿಯಾಗಿ ಹೆಚ್ಚಿ ಖಾರ ಬೆರೆಸಿದ ತಮ್ಮನ್ನು ನನಗೆ ಬಟ್ಟಲು ತುಂಬ ಬಡಿಸಿದರು. ಕೊಳೆತ ಮೀನನ್ನು ಒದ್ದೆ ಮಣ್ಣಲ್ಲಿ ಹೂತು ಮತ್ತೆ ತೆಗೆದಂಥ ತಮ್ಮ ದಿವ್ಯ ಪರಿಮಳಕ್ಕೆ ನನಗೆ ಕೆಮ್ಮು ಹತ್ತಿಕೊಂಡಿತು. "ಅಯ್ಯೋ, ಎದೆ ಕಟ್ಟಿದೆ ಕಣಪ್ಪಾ ನಿಂಗೆ! ಇದೇ ಮದ್ದು, ಇನ್ನೊಂದು ಬಟ್ಟಲು ಹಾಕ್ಕೋ," ಎಂದು ಕೆಮ್ಮಿದಷ್ಟೂ ಬಡಿಸಿದರು. ರೋಗವನ್ನೂ ಔಷಧವನ್ನೂ ತಾವೊಬ್ಬರೇ ಒದಗಿಸುವ ದಕ್ಷತೆಗೆ ತಲೆಬಾಗುತ್ತೇನೆ.

ಮೈಲಾನ್ ನನ್ನನ್ನು ಮೂಲೆಗೆ ಕರೆದು ಪಿಸುಗುಟ್ಟಿದಳು: "ಬೇರು ತಿನ್ನದವನಿಗೆ ಅಪ್ಪ ಹೆಣ್ಣು ಕೊಡಲ್ಲ. ಮೂಗು ಹಿಡ್ಕೊಂಡು ನುಂಗು ಮಾರಾಯ!" ನುಂಗಲಾರದೆ, ಅಂದಿನಿಂದ ಹೋದಾಗಲೆಲ್ಲ ತಮ್ಮನ್ನು ಅಂಗಿಯ ತೋಳಿನೊಳಗೆ ಜಾರಿಸಿ, ಹಿತ್ತಲ ಗೋಡೆಯಾಚೆ ಎಸೆಯತೊಡಗಿದೆ. ಅಲ್ಲೇ ಕೊಳೆತು ಮಣ್ಣಾಗುವ ಸೌಜನ್ಯವಾದರೂ ತಮಗಿರಬೇಕಿತ್ತು. ಆದರೆ ತಾವು ತುಂಡುತುಂಡಾಗಿ ಬೇರುಬಿಟ್ಟು, ವಸಂತದ ಹೊತ್ತಿಗೆ ಇಳಿಜಾರನ್ನೆಲ್ಲ ಹಸಿರಾಗಿಸಿ ನನ್ನ ಮೇಲೆ ಸಾಕ್ಷಿ ನುಡಿದಿರಿ.

ವೈದ್ಯರು ನನ್ನನ್ನು ಅಲ್ಲಿಗೆ ಎಳೆದೊಯ್ದಾಗ, ಸಂಬಂಧ ಮುರಿಯಿತೆಂದು ಮೈಲಾನ್ ಬಾಗಿಲಲ್ಲೇ ಕಣ್ಣೊರೆಸಿಕೊಂಡಳು. ನಾನು ಮಾವನವರ ಕಡೆ ತಿರುಗಿದೆ. "ನಾನೇ ಎಸೆದದ್ದು. ಇದನ್ನ ತಿನ್ನಕ್ಕಾಗಲ್ಲ. ನಿಮ್ಮ ಮಗಳನ್ನ ಬಿಟ್ಟಿರಕ್ಕೂ ಆಗಲ್ಲ," ಎಂದುಬಿಟ್ಟೆ.

ಅವರು ಹೊಟ್ಟೆ ಹಿಡಿದು ನಕ್ಕರು. "ಲೋ ನೂಡಲ್ಸು, ನಂಗೆ ಗೊತ್ತಿರಲಿಲ್ವೇನೋ? ಹೋಗೋವಾಗ ನಿನ್ನ ತೋಳು ಬೀದಿಗೆಲ್ಲ ನಾರ್ತಿತ್ತು! ಅಷ್ಟು ನಾತ ಹೊತ್ತುಕೊಂಡೂ ಮತ್ತೆಮತ್ತೆ ಬಂದೆಯಲ್ಲ, ನನ್ನ ಮಗಳಿಗೆ ಇನ್ನೆಂಥವನು ಬೇಕು?"

ಮದುವೆಯಾಯಿತು. ತಮ್ಮ ಉಪಕಾರವನ್ನು ಮರೆಯಲಾರೆ. ಮರೆಯೋಣವೆಂದರೆ ಹೆಂಡತಿ ಮೂರು ಹೊತ್ತೂ ತಮ್ಮನ್ನೇ ಮೆಲ್ಲುತ್ತಾಳೆ. ಆದ್ದರಿಂದ ಊಟದ ಹೊತ್ತಿನಲ್ಲಿ ಮಾತ್ರ ತಾವು ಶುಂಠಿಯ ವಾಸನೆ ಬೀರುವ ಕೃಪೆ ಮಾಡಬೇಕು. ಆಗದಿದ್ದರೆ, ಗಾಳಿ ಈ ಕಡೆ ಬೀಸದ ಯಾವುದಾದರೂ ದೇಶಕ್ಕೆ ಸಪರಿವಾರ ದಯಮಾಡಿಸಬೇಕೆಂದು ಪ್ರಾರ್ಥಿಸುವ,

ಬೇರೆ ದಾರಿಯಿಲ್ಲದೆ ತಮ್ಮ ವಿಶ್ವಾಸಿ,
ಕೋಂಗ್ ಯಾನ್‌ಬಿನ್

ತಾ.ಕ.: ಮಾವನವರು ನಾಡಿದ್ದು ಶಾನ್ಸಿಯ ನಮ್ಮ ಮನೆಗೆ ಮೊದಲ ಬಾರಿ ಹೊರಟಿದ್ದಾರೆ. ನಮ್ಮೂರವರು ಎಲ್ಲದಕ್ಕೂ ಸುರಿದುಕೊಳ್ಳುವ, ಹಲ್ಲು ಜುಮ್ಮೆನ್ನಿಸುವ ಹಳೆಯ ವಿನೆಗರ್ ಜಾಡಿಯನ್ನು ತೆರೆದಿಟ್ಟು ನಮ್ಮಮ್ಮ ಕಾದಿದ್ದಾಳೆ: "ಬೀಗರು ಬಟ್ಟಲು ಖಾಲಿ ಮಾಡದೆ ಏಳೋ ಹಾಗಿಲ್ಲ!" ದಯವಿಟ್ಟು ಅವರನ್ನು ಕಾಪಾಡಲು ತಾವು ಬರಬೇಡಿ.